ಮುಂಗುಸಿಯ ಬೇರೂ ನಾಗರಹಾವಿನ ವಿಷವೂ

ಹಾನಗಲ್ಲ ತಾಲೂಕಿನ ಗೃಹಸ್ಥರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅದರ ಸಾರಾಂಶವಿಷ್ಟು: ಕಳೆದ ವರ್ಷದ ಶ್ರಾವಣದಲ್ಲಿ ಅವರ ಬತ್ತದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಆಳೊಬ್ಬನ ಪಾದಕ್ಕೆ ನಾಗರಹಾವು ಕಚ್ಚಿತು. ಮನೆಯ ಹಿರಿಯರು, ಅಂದರೆ ಪತ್ರ ಬರೆದವರ ತಂದೆಯವರು, ದೇವರ ಜಗುಲಿಯ ಮೇಲೆ ಬಹುಕಾಲದಿಂದ ಕಾದಿರಿಸಿದ್ದ ‘ಮುಂಗುಸಿ ಬೇರ’ನ್ನು ತೇದು ಅವನಿಗೆ ಕುಡಿಸಿದರು. ಒಂದು ಗಂಟೆ ಕಳೆಯುವದರೊಳಗೆ ಅವನ ರೆಪ್ಪೆಗಳು ಇಳಿಬಿದ್ದವು, ಮಾತು ತೊದಲಿತು, ಉಗುಳು ನುಂಗುವದೂ ಕಷ್ಟವಾಯಿತು. ಆಗ ಮನೆಯ ಸೊಸೆಯು ಹಟಹಿಡಿದು ವಾಹನವನ್ನು ತರಿಸಿ ಅವನನ್ನು ದವಾಖಾನೆಗೆ ಕಳುಹಿಸಿದಳು. ಅಲ್ಲಿ ಪ್ರತಿವಿಷವನ್ನು ಕೊಟ್ಟರು. ಎರಡು ದಿನ ಯಂತ್ರದಿಂದ ಉಸಿರಾಡಿಸಿದರು. ಮನುಷ್ಯನು ಬದುಕಿದನು.

“ಈಗ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಬೇರೇ ಜೀವವನ್ನು ಹಿಡಿದಿಟ್ಟಿತೆಂದು ತಂದೆಯವರೂ, ಬೇರು ತೇಯುವದರಲ್ಲಿ ಒಂದು ಗಂಟೆ ವ್ಯರ್ಥವಾಯಿತೆಂದು ಸೊಸೆಯೂ ಹೇಳುತ್ತಾರೆ. ಮಳೆಗಾಲವು ಮತ್ತೆ ಬಂದಿದೆ. ಹಿರಿಯರ ಮನಸ್ಸು ನೋಯದಂತೆ ಇದರಲ್ಲಿಯ ಸತ್ಯವನ್ನು ತಿಳಿಸಬೇಕು” ಎಂದು ಅವರು ಕೇಳಿಕೊಂಡಿರುವರು.

ನೆರೆಯ ತಾಲೂಕುಗಳಿಂದ ಬಂದ ಪತ್ರಗಳಲ್ಲಿಯೂ ಇದೇ ಸಂಗತಿಯ ಬೇರೆ ಬೇರೆ ಮುಖಗಳು ಕಾಣುತ್ತವೆ. ಹಾವಿನೊಡನೆ ಕಾದಾಡಿದ ಮುಂಗುಸಿಯು ಪೊದೆಗೆ ಓಡಿಹೋಗಿ ತಿನ್ನುವ ಗಿಡ ಯಾವದೆಂದು ಶಿಗ್ಗಾವಿಯ ಕಡೆಯ ಉಪಾಧ್ಯಾಯರೊಬ್ಬರು ಕೇಳಿದ್ದಾರೆ. ತನ್ನ ವಿಷದಿಂದ ನಾಗರಹಾವು ತಾನೇ ಏಕೆ ಸಾಯುವದಿಲ್ಲವೆಂಬದು ಸವಣೂರಿನ ಎಲೆಬಳ್ಳಿಯ ತೋಟಗಾರರೊಬ್ಬರ ಸಂಶಯ. ಮನೆಯಲ್ಲಿ ಗೋವಿನಜೋಳದ ರಾಶಿ, ರಾಶಿಯ ಆಸೆಗೆ ಇಲಿ, ಇಲಿಯ ಆಸೆಗೆ ಹಾವು. ನೆಲದ ಮೇಲೆ ಮಲಗುವ ಮಕ್ಕಳಿಗೆ ಏನಾದರೂ ಆದರೆ ಮೊದಲು ಮಾಡತಕ್ಕದ್ದೇನು ಎಂದು ಹಿರೇಕೆರೂರು ತಾಲೂಕಿನ ತಾಯಿಯೊಬ್ಬರು ಕೇಳಿರುವರು. ನಾಲ್ಕು ಪ್ರಶ್ನೆಗಳಿಗೂ ಮೂಲವಾದ ಉತ್ತರವು ಒಂದೇ ಆಗಿರುವದರಿಂದ ಈ ತಿಂಗಳ ಬರಹವನ್ನು ಅದಕ್ಕೇ ಮೀಸಲಾಗಿಟ್ಟಿದ್ದೇವೆ.

ಹಿರಿಯರು ಕಂಡದ್ದು

ಮೊದಲು ಹಿರಿಯರ ಪಕ್ಷವನ್ನು ವಿಚಾರಿಸುವಾ. ಅವರ ನಂಬುಗೆಯು ಬರಿಯ ಕಟ್ಟುಕಥೆಯಿಂದ ಹುಟ್ಟಿದ್ದಲ್ಲ. ಪಂಚತಂತ್ರದ ಕಾಲದಿಂದಲೂ ಮುಂಗುಸಿಯು ಮನೆಯ ತೊಟ್ಟಿಲನ್ನು ಹಾವಿನಿಂದ ಕಾಯುವ ಪ್ರಾಣಿಯಾಗಿ ನಮಗೆ ಪರಿಚಿತವಾಗಿದೆ. ನಾಗರವಿಷವನ್ನು ಅದು ತಡೆದುಕೊಳ್ಳುವದೆಂಬದು ಕಣ್ಣಾರೆ ಕಂಡ ಸಂಗತಿ. ಇದನ್ನು ವಿಜ್ಞಾನವೂ ಒಪ್ಪುತ್ತದೆ. ಇದಕ್ಕೆ ಕಾರಣವೊಂದು ಇರಲೇಬೇಕು. ಕಾದಾಟ ಮುಗಿದ ಮೇಲೆ ಮುಂಗುಸಿಯು ಪೊದೆಯನ್ನು ಸೇರುವದನ್ನು ಕಂಡವರು, ಅಲ್ಲಿ ಯಾವದೋ ಬೇರನ್ನು ತಿಂದು ವಿಷವನ್ನು ಇಳಿಸಿಕೊಳ್ಳುವದೆಂದು ಊಹಿಸಿದರು. ಊಹೆಯು ಬುದ್ಧಿಗೆ ಒಪ್ಪುವಂಥದೇ. ಆದರೆ ನಾಯಿ ಬೆಕ್ಕುಗಳು ಸಹ ಆಗಾಗ ಹುಲ್ಲನ್ನು ಕಡಿಯುತ್ತವೆ. ಅವು ಹಾವಿನೊಡನೆ ಕಾದಾಡಿ ಬಂದಿವೆಯೆಂದು ಯಾರೂ ಹೇಳುವದಿಲ್ಲ. ಮುಂಗುಸಿಯ ರಹಸ್ಯವು ಪೊದೆಯಲ್ಲಿದೆಯೋ ಮುಂಗುಸಿಯ ಮೈಯಲ್ಲಿಯೇ ಇದೆಯೋ ಎಂಬದನ್ನು ಕಂಡುಕೊಳ್ಳಬೇಕಾದರೆ ವಿಷವು ಮೈಯೊಳಗೆ ಮಾಡುವ ಕೆಲಸವನ್ನು ತಿಳಿಯಬೇಕು.

ನರವು ಸ್ನಾಯುವಿಗೆ ಹೇಳುವ ಮಾತು

ನಾವು ಕೈಯೆತ್ತಬೇಕೆಂದು ನೆನೆದರೆ ಆ ಅಪ್ಪಣೆಯು ನರದ ಗುಂಟ ಓಡಿಬರುತ್ತದೆ. ಆದರೆ ನರದ ತುದಿಯು ಸ್ನಾಯುವಿಗೆ ಅಂಟಿಕೊಂಡಿರುವದಿಲ್ಲ. ನಡುವೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಿರಿದಾದ ಒಂದು ಸಂದು ಇರುತ್ತದೆ. ಈ ಸಂದನ್ನು ದಾಟಿಸುವದಕ್ಕಾಗಿ ನರದ ತುದಿಯು ಒಂದು ದ್ರವ್ಯವನ್ನು ಹೊರಚೆಲ್ಲುತ್ತದೆ. ಇದನ್ನು ದೂತದ್ರವ್ಯವೆಂದು ಕರೆಯಬಹುದು. ನರಗಳು ಹೀಗೆ ದ್ರವ್ಯದ ಮೂಲಕ ಮಾತನಾಡುವವೆಂಬದನ್ನು ಆಟೋ ಲೋವಿ ಎಂಬ ಪಂಡಿತರು 1921ರಲ್ಲಿ ಕಪ್ಪೆಗಳ ಎರಡು ಹೃದಯಗಳನ್ನಿಟ್ಟು ತೋರಿಸಿಕೊಟ್ಟರು. ಇಂಗ್ಲಂಡದ ಹೆನ್ರಿ ಡೇಲರೂ ಅವರ ಸಹಕಾರಿಗಳೂ ಕೈಕಾಲುಗಳ ಸ್ನಾಯುಗಳಲ್ಲಿ ಈ ಕೆಲಸವನ್ನು ಮಾಡುವ ದ್ರವ್ಯವು ಅಸಿಟೈಲ್‌ಕೋಲಿನ್ ಎಂಬದನ್ನು ಸ್ಥಾಪಿಸಿದರು. ಲೋವಿ, ಡೇಲ್ ಇಬ್ಬರಿಗೂ 1936ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ದೂತನು ಬಂದರೆ ಸಾಲದು. ಬಾಗಿಲಲ್ಲಿ ಅವನನ್ನು ಬರಮಾಡಿಕೊಳ್ಳುವವರೂ ಬೇಕು. ಸ್ನಾಯುವಿನ ಮೇಲ್ಮೈಯಲ್ಲಿ ಈ ಕೆಲಸಕ್ಕೆಂದೇ ಇರುವ ರಚನೆಗಳಿಗೆ ಗ್ರಾಹಕಗಳೆಂದು ಹೆಸರು. ಗ್ರಾಹಕವೆಂದರೆ ಇಲ್ಲಿ ಅಂಗಡಿಯ ಗಿರಾಕಿಯಲ್ಲ; ದೂತದ್ರವ್ಯವನ್ನು ಗ್ರಹಿಸುವಂಥದು, ಅಂದರೆ ಹಿಡಿದುಕೊಳ್ಳುವಂಥದು. ಒಂದೊಂದು ಗ್ರಾಹಕವೂ ಐದು ಕಂಬಗಳನ್ನು ಸುತ್ತಲೂ ನಿಲ್ಲಿಸಿದಂತಿದ್ದು, ನಡುವೆ ಮುಚ್ಚಿದ ಕಿಂಡಿಯುಳ್ಳದ್ದಾಗಿರುತ್ತದೆ. ಐದರಲ್ಲಿ ಎರಡು ಕಂಬಗಳಿಗೆ ಆಲ್ಫಾ ಎಂಬ ಹೆಸರು. ಈ ಎರಡರ ಬಳಿಯಲ್ಲಿರುವ ಬೀಗಗಳಲ್ಲಿ ಅಸಿಟೈಲ್‌ಕೋಲಿನ್ನಿನ ಎರಡು ಅಣುಗಳು ಬಂದು ಕೂತರೆ ಕಿಂಡಿಯು ತೆರೆಯುತ್ತದೆ. ಸೋಡಿಯಮ್ಮಿನ ಕಣಗಳು ಒಳನುಗ್ಗುತ್ತವೆ. ಸ್ನಾಯುವು ಸೆಟೆದು ಕೈ ಮೇಲೇಳುತ್ತದೆ. ಉಸಿರೆಳೆಯುವ ಸ್ನಾಯುಗಳ ವ್ಯಾಪಾರವೂ ಇದೇ.

ನಾಗರವಿಷದ ವ್ಯವಹಾರ

ನಾಗರವಿಷದಲ್ಲಿ ಅನೇಕ ಪದಾರ್ಥಗಳಿವೆ. ಕೆಲವು ಕಚ್ಚಿದ ಜಾಗದ ಮಾಂಸವನ್ನು ಕೊಳೆಯಿಸುತ್ತವೆ. ಆದರೆ ಉಸಿರನ್ನು ನಿಲ್ಲಿಸಿ ಬೇಗನೆ ಕೊಲ್ಲುವದು ಆಲ್ಫಾ ನರವಿಷವೆಂಬ ಪುಟ್ಟ ಪ್ರೋಟೀನು. ಇದು ನೇರವಾಗಿ ಆ ಬೀಗಗಳಿಗೇ ಹೋಗಿ ಕೂತುಬಿಡುತ್ತದೆ. ಬೀಗದಲ್ಲಿ ಹೊಕ್ಕರೂ ತಿರುಗದ, ಹೊರಕ್ಕೂ ಬಾರದ ಕಳ್ಳಕೀಲಿಯಂತೆ ಇದರ ಸ್ವಭಾವ. ನಿಜವಾದ ಕೀಲಿಯು ಬಂದರೂ ಒಳಗೆ ಸ್ಥಳವಿರುವದಿಲ್ಲ. ತೈವಾನ್ ದ್ವೀಪದ ಕಟ್ಟುಹಾವಿನ ವಿಷದಿಂದ ಇಂಥ ಪ್ರೋಟೀನೊಂದನ್ನು ಚೆನ್-ಯುವಾನ್ ಲೀ ಮತ್ತು ಅವರ ಸಹಕಾರಿಯು 1963ರಲ್ಲಿ ಬೇರ್ಪಡಿಸಿದರು. ಅದು ಗ್ರಾಹಕವನ್ನು ಬಿಡದೆ ಹಿಡಿಯುವದೆಂಬ ಗುಣವನ್ನೇ ಉಪಯೋಗಿಸಿಕೊಂಡು ಫ್ರಾನ್ಸದ ಜಾನ್-ಪಿಯೆರ್ ಶಾಂಜ್ಯೂ ಎಂಬವರು 1970ರಲ್ಲಿ ವಿದ್ಯುತ್ ಈಲ್ ಎಂಬ ಮೀನಿನಿಂದ ಗ್ರಾಹಕವನ್ನೇ ಹೊರತೆಗೆದರು. ಕೊಲ್ಲುವ ವಿಷವೇ ತಿಳಿವಳಿಕೆಯ ಕೊಕ್ಕೆಯಾಯಿತು.

ಈಗ ಪತ್ರದಲ್ಲಿಯ ಆಳಿನ ಸ್ಥಿತಿಯನ್ನು ನೆನೆಯಿರಿ. ರೆಪ್ಪೆಗಳು ಮೊದಲು ಸೋತವು, ಆಮೇಲೆ ನಾಲಿಗೆ, ಗಂಟಲು, ಕಡೆಗೆ ಎದೆ. ಒಂದೊಂದು ಬೀಗವಾಗಿ ಮುಚ್ಚುತ್ತ ಬಂದ ಲಕ್ಷಣವಿದು. ಇಲ್ಲಿ ಮನೆಯವರೆಲ್ಲರೂ ಮನಸ್ಸಿನಲ್ಲಿಡಬೇಕಾದ ಮಾತೊಂದಿದೆ. ಈ ವಿಷವು ಸ್ನಾಯುಗಳನ್ನು ಕಟ್ಟಿಹಾಕುವದೇ ಹೊರತು ಬುದ್ಧಿಯನ್ನಲ್ಲ. ಕಣ್ಣು ತೆರೆಯಲಾರದೆ, ಬೆರಳು ಅಲ್ಲಾಡಿಸಲಾರದೆ ಬಿದ್ದವನಿಗೆ ಸುತ್ತಲಿನವರ ಮಾತು ಕೇಳಿಸುತ್ತಿರಬಹುದು. ‘ಮುಗಿಯಿತು’ ಎಂದು ಕೈಬಿಟ್ಟವರಲ್ಲಿ ಎಷ್ಟು ಜನರು ಆ ಮಾತನ್ನು ಕೇಳುತ್ತಲೇ ಹೋದರೋ! ಅಂಥವರಿಗೆ ಉಸಿರೂದುತ್ತ ದವಾಖಾನೆಗೆ ಮುಟ್ಟಿಸಿದರೆ ಪೂರ್ಣವಾಗಿ ಚೇತರಿಸಿಕೊಳ್ಳಬಲ್ಲರು.

ಐದು ಅಕ್ಷರಗಳ ವ್ಯತ್ಯಾಸ

ಗ್ರಾಹಕದ ಕಂಬಗಳು ಪ್ರೋಟೀನಿನಿಂದಾದವು. ಪ್ರೋಟೀನೆಂದರೆ ಅಮೈನೊ ಆಮ್ಲಗಳೆಂಬ ಸಣ್ಣ ಸಣ್ಣ ಮಣಿಗಳನ್ನು ಪೋಣಿಸಿದ ಸರ. ನಮ್ಮ ವರ್ಣಮಾಲೆಯ ಅಕ್ಷರಗಳಿಂದ ಎಲ್ಲ ಮಾತುಗಳೂ ಆಗುವಂತೆ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಿಂದ ಈ ಸರಗಳೆಲ್ಲ ಆಗುತ್ತವೆ. ಒಂದು ಅಕ್ಷರದ ಮಹತ್ವವನ್ನು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ‘ಹಣ’ವೆಂದು ಬರೆಯುವಲ್ಲಿ ಲೇಖನಿಯು ಜಾರಿ ಒಂದು ಎತ್ವವು ಬಿದ್ದರೆ ‘ಹೆಣ’ವಾಗುತ್ತದೆ!

ಮನುಷ್ಯನ ಆಲ್ಫಾ ಕಂಬದ ಸರದಲ್ಲಿ 437 ಮಣಿಗಳಿವೆ. ಅವುಗಳಲ್ಲಿ 192 ಮತ್ತು 193ನೆಯವು ಸಿಸ್ಟೀನ್ ಎಂಬ ಒಂದೇ ಜಾತಿಯ ಜೋಡಿಮಣಿಗಳು. ಬೀಗದ ಬಾಯಿ ಇರುವದು ಈ ಜೋಡಿಯ ಆಸುಪಾಸಿನಲ್ಲಿಯೇ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಸಾರಾ ಫುಕ್ಸ್ ಅವರೂ ಸಂಗಡಿಗರೂ ಮುಂಗುಸಿಯ ಗ್ರಾಹಕವನ್ನು ಪರೀಕ್ಷಿಸಿ 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರದ 122ರಿಂದ 205ರ ವರೆಗಿನ ತುಂಡನ್ನು ಅವರು ಇಲಿಯ ಅದೇ ತುಂಡಿನೊಡನೆ ಹೋಲಿಸಿದರು. 84 ಮಣಿಗಳಲ್ಲಿ ಏಳು ಮಾತ್ರವೇ ಬೇರೆಯಾಗಿದ್ದವು; ಆ ಏಳರಲ್ಲಿ ಐದು ಬೀಗದ ಬಾಯಿಯಲ್ಲಿಯೇ ಗುಂಪಾಗಿದ್ದವು. 187ನೆಯ ಸ್ಥಾನದಲ್ಲಿ ಇಲಿಗೆ ಟ್ರಿಪ್ಟೊಫಾನ್, ಮುಂಗುಸಿಗೆ ಆಸ್ಪರಜಿನ್. 189ರಲ್ಲಿ ಫಿನೈಲಲನಿನ್ ಹೋಗಿ ಥ್ರಿಯೊನಿನ್. 191ರಲ್ಲಿ ಸೆರಿನ್ ಹೋಗಿ ಅಲನಿನ್. 194ರಲ್ಲಿ ಪ್ರೋಲಿನ್ ಹೋಗಿ ಲ್ಯೂಸಿನ್. 197ರಲ್ಲಿ ಪ್ರೋಲಿನ್ ಹೋಗಿ ಹಿಸ್ಟಿಡಿನ್. ಈ ತುಂಡನ್ನು ಮುಂಗುಸಿಯ ಮೈಯಿಂದ ಬೇರೆಯಾಗಿ ತಯಾರಿಸಿ ಪರೀಕ್ಷಾಪಾತ್ರೆಯಲ್ಲಿ ವಿಷದೊಡನೆ ಇಟ್ಟರೂ ವಿಷವು ಅದಕ್ಕೆ ಅಂಟಲಿಲ್ಲ. ಪಾತ್ರೆಯಲ್ಲಿ ಬೇರೂ ಇರಲಿಲ್ಲ, ಪೊದೆಯೂ ಇರಲಿಲ್ಲ!

ಐದು ಅಕ್ಷರಗಳು ಇಷ್ಟು ದೊಡ್ಡ ಕೆಲಸವನ್ನು ಮಾಡುವ ಬಗೆಯನ್ನೂ ನೋಡುವಾ. ಆಸ್ಪರಜಿನ್ನಿನಿಂದ ಒಂದು ಸ್ಥಾನ ಬಿಟ್ಟು ಮುಂದೆ ಥ್ರಿಯೊನಿನ್ ಬಂದರೆ, ಮೈಯ ಜೀವಕೋಶವು ಅದನ್ನು ಒಂದು ಗುರುತೆಂದು ಓದಿಕೊಂಡು ಆ ಆಸ್ಪರಜಿನ್ನಿಗೆ ಸಕ್ಕರೆಯ ಕೊಂಬೆಯೊಂದನ್ನು ತೂಗಹಾಕಬಲ್ಲದು. ಮುಂಗುಸಿಯ 187 ಮತ್ತು 189ನೆಯ ಅಕ್ಷರಗಳು ಸೇರಿ ಆಗಿರುವ ಗುರುತು ಇದೇ. ಬಾಗಿಲಿಗೆ ಅಡ್ಡಲಾಗಿ ಮುಳ್ಳುಕೊಂಬೆಯನ್ನು ಇಟ್ಟಂತೆ, ಸಣ್ಣದಾದ ಅಸಿಟೈಲ್‌ಕೋಲಿನ್ನು ಸಂದಿಯಿಂದ ನುಸುಳಿ ಒಳಗೆ ಹೋಗುತ್ತದೆ. ದೊಡ್ಡದಾದ ವಿಷದ ಕಣವು ಹೊರಗೇ ನಿಲ್ಲುತ್ತದೆ. ಇನ್ನು 194 ಮತ್ತು 197ರ ಪ್ರೋಲಿನ್‌ಗಳು ವಿಷಕ್ಕೆ ಕಾಲೂರಲು ಆಸರೆಯಾಗುವಂಥವು. ಮುಂಗುಸಿಯಲ್ಲಿ ಆ ಆಸರೆಯೂ ಇಲ್ಲ. ಅದೇ ಪಂಡಿತರು 1995ರಲ್ಲಿ ಮುಂಗುಸಿಯ ತುಂಡಿನಲ್ಲಿ ಈ ಅಕ್ಷರಗಳನ್ನು ತಿದ್ದಿ ಇಲಿಯದರಂತೆ ಮಾಡಿದಾಗ ವಿಷವು ಮತ್ತೆ ಬಂದು ಅಂಟಿಕೊಂಡಿತು.

ಸವಣೂರಿನ ತೋಟಗಾರರ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಈಜಿಪ್ತ ದೇಶದ ನಾಗರಹಾವಿನ ಗ್ರಾಹಕವನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಶೋಧದಲ್ಲಿ, ಅದರ 189ನೆಯ ಸ್ಥಾನದಲ್ಲಿ ಆಸ್ಪರಜಿನ್ ಇದ್ದು ಅಲ್ಲಿ ಸಕ್ಕರೆಯ ಕೊಂಬೆಯಿರುವದು ಕಂಡುಬಂದಿತು. ಹಾವು ತನ್ನ ವಿಷಕ್ಕೆ ತನ್ನ ಬಾಗಿಲನ್ನು ತಾನೇ ಅಡ್ಡಗಟ್ಟಿಕೊಂಡಿದೆ. ತರಕರಡಿ ಮತ್ತು ಹಂದಿಗಳ ಹಾದಿಯೇ ಬೇರೆ; ಅವುಗಳ 187ನೆಯ ಸ್ಥಾನದಲ್ಲಿ ಧನವಿದ್ಯುತ್ತುಳ್ಳ ಆರ್ಜಿನಿನ್ ಇರುವದೆಂದು 2015ರಲ್ಲಿ ತಿಳಿದುಬಂದಿತು. ವಿಷದ ಕಣವೂ ಧನವಿದ್ಯುತ್ತುಳ್ಳದ್ದಾದ್ದರಿಂದ ಒಂದನ್ನೊಂದು ದೂಡುತ್ತವೆ. ಹಾವಿನ ಕಾಟವುಳ್ಳ ಬೇರೆ ಬೇರೆ ಪ್ರಾಣಿಗಳು ಬೇರೆ ಬೇರೆಯಾಗಿ ಒಂದೇ ಬೀಗವನ್ನು ತಿದ್ದಿಕೊಂಡಿರುವದು ಸೋಜಿಗವಲ್ಲವೆ?

ಮನುಷ್ಯನ ಬೀಗದಲ್ಲಿ ಏನಿದೆಯೆಂದು ವಾಚಕರು ಕೇಳುವದು ಸಹಜ. 189ನೆಯ ಸ್ಥಾನದಲ್ಲಿ ನಮಗೂ ಮುಂಗುಸಿಯಂತೆಯೇ ಥ್ರಿಯೊನಿನ್ ಇದೆ! ಆದರೆ 187ರಲ್ಲಿ ಆಸ್ಪರಜಿನ್ನಿನ ಬದಲು ಸೆರಿನ್ ಇದೆ. ಒಂದು ಅಕ್ಷರದ ಕೊರತೆಯಿಂದ ಸಕ್ಕರೆಯ ಗುರುತು ಪೂರ್ತಿಯಾಗಲಿಲ್ಲ. 194, 197ರ ಪ್ರೋಲಿನ್‌ಗಳಂತೂ ವಿಷಕ್ಕೆ ಆಸರೆಯಾಗಿ ಹಾಗೆಯೇ ನಿಂತಿವೆ.

ಬೇರಿನಿಂದ ಆಗುವದೇನು?

ಶಿಗ್ಗಾವಿಯ ಉಪಾಧ್ಯಾಯರಿಗೆ ಇನ್ನು ಉತ್ತರ ಹೇಳಬಹುದು. ಮುಂಗುಸಿಯು ಯಾವ ಗಿಡವನ್ನು ಕಡಿದರೂ ಅದರ ರಕ್ಷಣೆಯು ಆ ಗಿಡದಿಂದ ಬಂದದ್ದಲ್ಲ, ತಾಯಿತಂದೆಗಳಿಂದ ಬಂದದ್ದು. ಹುಟ್ಟುವ ಮೊದಲೇ ಪ್ರತಿಯೊಂದು ಸ್ನಾಯುವಿನಲ್ಲಿಯೂ ಬರೆದಿಟ್ಟ ಅಕ್ಷರವನ್ನು ತೇದು ಕುಡಿಸಿದ ಬೇರು ತಿದ್ದಲಾರದು. ಮುಂಗುಸಿಯ ರಕ್ಷಣೆಗೂ ಮೇರೆಯುಂಟು. ಅದರ ಚುರುಕುತನವೂ ನಿಗುರಿದ ಕೂದಲೂ ಅದಕ್ಕೆ ಅರ್ಧ ಕವಚ. ಈ ಐದು ಅಕ್ಷರಗಳು ಆಲ್ಫಾ ನರವಿಷಕ್ಕೆ ಮಾತ್ರ ಅಡ್ಡಿ. ರಕ್ತವನ್ನು ಕೆಡಿಸುವ ಕೊಳಕುಮಂಡಲದ ವಿಷಕ್ಕೆ ಈ ಬೀಗದ ಗೊಡವೆಯೇ ಇಲ್ಲ.

ಹಾಗಾದರೆ ಬೇರು ಕುಡಿದು ಬದುಕಿದವರು ಸುಳ್ಳೇ? ಅಲ್ಲ, ಅವರು ಬದುಕಿದ್ದು ದಿಟ. ಆದರೆ ಕೇರೆ, ತೋಳಹಾವು, ನೀರುಹಾವುಗಳು ಕಚ್ಚಿದರೆ ವಿಷವೇ ಏರುವದಿಲ್ಲ. ನಾಗರಹಾವು ಸಹ ಕೆಲವು ಸಲ ವಿಷವನ್ನು ಬಿಡದೆ ಬರಿಯ ಹಲ್ಲನ್ನು ಊರುತ್ತದೆ. ಅಂಥವರು ಏನು ಕುಡಿದರೂ, ಏನನ್ನೂ ಕುಡಿಯದಿದ್ದರೂ ಬದುಕುತ್ತಾರೆ. ಕೀರ್ತಿಯು ಬೇರಿಗೆ ಸಲ್ಲುತ್ತದೆ. ಸತ್ತವರ ಲೆಕ್ಕವನ್ನು ಹಣೆಬರಹದ ಖಾತೆಗೆ ಬರೆಯುತ್ತಾರೆ. ಆ ಲೆಕ್ಕವು ಸಣ್ಣದಲ್ಲ. 2000ದಿಂದ 2019ರ ವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸುತ್ತದೆ. ಇವುಗಳಲ್ಲಿ ಅರ್ಧದಷ್ಟು ಮರಣಗಳು ಜೂನದಿಂದ ಸಪ್ಟೆಂಬರದ ವರೆಗಿನ ಮಳೆಗಾಲದಲ್ಲಿ ಆದವು. ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತವನ್ನು ದವಾಖಾನೆಗಳು ವರದಿಮಾಡಲೇಬೇಕಾದ ಸಂಗತಿಯೆಂದು ಗೊತ್ತುಪಡಿಸಿತು.

ನಮಗಿರುವ ಉಪಾಯ

ಬೀಗವನ್ನು ತಿದ್ದಲಾಗದಿದ್ದರೆ ಕಳ್ಳಕೀಲಿಯನ್ನು ಹಿಡಿಯಬೇಕು. ಪ್ರತಿವಿಷವು ಮಾಡುವ ಕೆಲಸವೇ ಇದು. ನಮ್ಮ ದೇಶದ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಎಂಬ ನಾಲ್ಕು ಹಾವುಗಳ ವಿಷಗಳಿಗೆ ವಿರುದ್ಧವಾಗಿ ಕುದುರೆಗಳ ರಕ್ತದಿಂದ ಸಿದ್ಧವಾಗುತ್ತದೆ. ಅದು ರಕ್ತದಲ್ಲಿ ಸುತ್ತಾಡುವ ವಿಷವನ್ನು ಹಿಡಿದು ಕಟ್ಟುತ್ತದೆ. ಈಗಾಗಲೇ ಬೀಗದಲ್ಲಿ ಬಲವಾಗಿ ಕೂತ ವಿಷವನ್ನು ಕೀಳುವದು ಕಷ್ಟ, ತಡಮಾಡಬಾರದೆನ್ನುವದು ಇದಕ್ಕಾಗಿಯೇ. ನಾಗರಹಾವಿನ ಕಡಿತದಲ್ಲಿ ಡಾಕ್ಟರರು ನಿಯೋಸ್ಟಿಗ್ಮಿನ್ ಎಂಬ ಔಷಧವನ್ನೂ ಉಪಯೋಗಿಸುವದುಂಟು. ಅದು ಅಸಿಟೈಲ್‌ಕೋಲಿನ್ನು ಬೇಗನೆ ನಾಶವಾಗದಂತೆ ತಡೆದು, ಉಳಿದ ಬೀಗಗಳಿಗೆ ನಿಜವಾದ ಕೀಲಿಗಳನ್ನು ಹೆಚ್ಚಾಗಿ ಒದಗಿಸುತ್ತದೆ. ಕಟ್ಟುಹಾವಿನ ವಿಷವು ನರದ ತುದಿಯನ್ನೇ ಕೆಡಿಸುವದರಿಂದ ಅಲ್ಲಿ ಈ ಔಷಧದ ಉಪಯೋಗ ಕಡಿಮೆ. ಇವೆಲ್ಲ ಫಲಿಸುವ ವರೆಗೆ ಜೀವವನ್ನು ಹಿಡಿದಿಡುವದು ಯಂತ್ರದ ಉಸಿರು.

ಗ್ರಾಹಕದ ಜ್ಞಾನದಿಂದ ಹೊಸದೊಂದು ದಾರಿಯೂ ತೋರಿದೆ. ಅಮೇರಿಕೆಯ ಸ್ಕ್ರಿಪ್ಸ್ ಸಂಸ್ಥೆಯವರೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ಮೊದಲಾದವರೂ ಕೂಡಿ 2024ರಲ್ಲಿ ಒಂದು ಪ್ರತಿಕಾಯವನ್ನು ಪ್ರಕಟಪಡಿಸಿದರು. ಅದು ನಮ್ಮ ಗ್ರಾಹಕದ ಬೀಗದ ಬಾಯಿಯನ್ನೇ ಅನುಕರಿಸಿ, ವಿಷವು ಮೋಸಹೋಗಿ ತನಗೆ ಅಂಟುವಂತೆ ಮಾಡುತ್ತದೆ. ಇಲಿಗಳಲ್ಲಿ ಇದು ಹಲವು ಹಾವುಗಳ ವಿಷದಿಂದ ಜೀವವನ್ನುಳಿಸಿತು. ಮನುಷ್ಯರಿಗೆ ಔಷಧವಾಗಿ ಬರುವ ಮುಂಚೆ ಇಂಥದು ಇನ್ನೂ ಅನೇಕ ಪರೀಕ್ಷೆಗಳನ್ನು ದಾಟಬೇಕಾಗುತ್ತದೆ.

ಹಿರೇಕೆರೂರು ತಾಲೂಕಿನ ತಾಯಿಯವರು ಈ ಮುಂದಿನದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬಹುದು. ಹಾವು ಕಚ್ಚಿದವರಿಗೆ ಧೈರ್ಯ ಹೇಳಿ ಕದಲದಂತೆ ಮಲಗಿಸಿರಿ. ಉಂಗುರ, ಬಳೆ, ಕಾಲ್ಗಡಗಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಕಚ್ಚಿದ ಕೈಕಾಲಿಗೆ ಹಲಿಗೆಯೊಂದನ್ನಿಟ್ಟು, ಮುರಿದ ಎಲುಬಿಗೆ ಕಟ್ಟುವಂತೆ ಸಡಿಲಾಗಿ ಕಟ್ಟಿರಿ. ಹಗ್ಗದಿಂದ ಬಿಗಿಯುವದು, ಕೊಯ್ಯುವದು, ಬಾಯಿಂದ ಹೀರುವದು, ಸುಡುವದು, ಕುಡಿಸುವದು, ಇವೊಂದನ್ನೂ ಮಾಡಬೇಡಿರಿ. ವಾಂತಿಯಾದರೆ ಮಗ್ಗುಲಾಗಿ ಮಲಗಿಸಿರಿ. 108ಕ್ಕೆ ಕರೆಮಾಡಿರಿ, ಅದು ಬರುವದು ತಡವಾದರೆ ಸಿಕ್ಕ ವಾಹನದಲ್ಲಿ ಪ್ರತಿವಿಷವಿರುವ ದವಾಖಾನೆಗೆ ಹೊರಡಿರಿ. ಹಾವನ್ನು ಹುಡುಕಿ ಹಿಡಿದು ತರಬೇಕಾಗಿಲ್ಲ. ಕಟ್ಟುಹಾವು ರಾತ್ರಿ ನಿದ್ದೆಯಲ್ಲಿರುವವರನ್ನು ಕಚ್ಚುತ್ತದೆ. ನೋವೂ ಗಾಯವೂ ಕಾಣದೆ ಇರಬಹುದು. ಬೆಳಗಿನ ಜಾವಕ್ಕೆ ಮಗುವು ಹೊಟ್ಟೆನೋವೆಂದು ಅತ್ತು ರೆಪ್ಪೆಯೆತ್ತಲಾರದೆ ಹೋದರೆ ಹಾವನ್ನೇ ಶಂಕಿಸಿರಿ. ಮಕ್ಕಳನ್ನು ಹೊರಸಿನ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿಸಿರಿ. ಜೋಳದ ರಾಶಿಯು ಮಲಗುವ ಕೋಣೆಯಲ್ಲಿರದಿರಲಿ.

ಕೊನೆಗೆ ಹಾನಗಲ್ಲ ತಾಲೂಕಿನ ಗೃಹಸ್ಥರಿಗೆ ನಮ್ಮ ಉತ್ತರ. ತಮ್ಮ ತಂದೆಯವರು ಅರ್ಧ ಸತ್ಯವನ್ನು ಕಂಡವರು. ಮುಂಗುಸಿಯ ಬಳಿಯಲ್ಲಿ ರಕ್ಷೆಯುಂಟೆಂಬದರಲ್ಲಿ ಅವರು ತಪ್ಪಿಲ್ಲ. ಅದು ಇರುವ ಸ್ಥಳದ ವಿಷಯದಲ್ಲಿ ಮಾತ್ರ ತಪ್ಪಿದರು. ತಮ್ಮ ಸೊಸೆಯ ಹಟದಿಂದ ಒಂದು ಜೀವವು ಉಳಿಯಿತು. ಇದನ್ನು ಹಿರಿಯರ ಎದುರಿಗೆ ಗೆದ್ದವರ ಧ್ವನಿಯಲ್ಲಿ ಹೇಳದೆ, ಅವರನ್ನು ಕೂಡ್ರಿಸಿಕೊಂಡು ಆ ಐದು ಅಕ್ಷರಗಳ ಸಂಗತಿಯನ್ನು ಓದಿ ಹೇಳಿರಿ. ಬೇರು ಜಗುಲಿಯ ಮೇಲೆಯೇ ಇರಲಿ. ಅದರ ಪಕ್ಕದಲ್ಲಿ ಪ್ರತಿವಿಷವಿರುವ ಸಮೀಪದ ದವಾಖಾನೆಯ ಹೆಸರನ್ನೂ, ರಾತ್ರಿ ಕರೆದರೆ ಬರುವ ವಾಹನದವನ ಫೋನು ಸಂಖ್ಯೆಯನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಿಡಿರಿ. ಆ ಚೀಟಿಯನ್ನು ಹಿರಿಯರ ಕೈಯಿಂದಲೇ ಬರೆಸಿದರೆ ಇನ್ನೂ ಒಳಿತು.

ರಕ್ತವನ್ನು ಕೆಡಿಸುವ ಮಂಡಲದ ಹಾವುಗಳ ವಿಷಯವನ್ನು ಮುಂದಿನ ತಿಂಗಳು ವಿಚಾರಿಸುವಾ.